ರೊಟ್ಟಿ ಬಡಿಯುವ ಕೈ: ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ಒಂದು ಕಥೆ

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ನಾವು ಹೋದದ್ದು ಕೋಟೆಯ ಚಿತ್ರೀಕರಣಕ್ಕೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಎಂದು ನೀವು ಪಠ್ಯಪುಸ್ತಕದಲ್ಲಿ ಓದಿರುವ ಊರು ಇದೇ. ಕಾಗಿಣಾ ನದಿಯ ದಂಡೆಯಲ್ಲಿ ಬಿಸಿಲು ಏರುವ ಮುನ್ನವೇ ಕೆಲಸ ಮುಗಿಸಿ, ಹತ್ತಿರದ ಹಳ್ಳಿಯ ಪರಿಚಯದವರೊಬ್ಬರ ಮನೆಗೆ ಊಟಕ್ಕೆ ಹೋದೆವು. ಅಡುಗೆಮನೆಯಲ್ಲಿ ಎಪ್ಪತ್ತರ ಆಸುಪಾಸಿನ ಹಿರಿಯರೊಬ್ಬರು ಜೋಳದ ರೊಟ್ಟಿ ಬಡಿಯುತ್ತಿದ್ದರು. ನಮ್ಮ ಕ್ಯಾಮೆರಾಮನ್ ಮೊದಲು ಗಮನಿಸಿದ್ದು ಒಂದು ವಿಚಿತ್ರವನ್ನು. ಈ ಭಾಗದಲ್ಲಿ ಹೆಂಗಸರು ಸಾಮಾನ್ಯವಾಗಿ ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುತ್ತಾರೆ. ಇವರು ನಿಂತಿದ್ದರು. ಎದುರಿಗೆ ಶಹಾಬಾದಿ ಕಲ್ಲಿನ ಎತ್ತರದ ಕಟ್ಟೆ, ಅದರ ಮೇಲೆ ಹಲಗೆ. ಬಲಗೈ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಪಟ್ಟಿಯಂತೆ ನೇರವಾಗಿ ಏಳುತ್ತಿತ್ತು, ನೇರವಾಗಿ ಬೀಳುತ್ತಿತ್ತು. ಮಣಿಕಟ್ಟು ಒಂದಿಷ್ಟೂ ಬಾಗುತ್ತಿರಲಿಲ್ಲ.

"ಇದು ಬಗ್ಗಲ್ರೀ ಸರ," ಎಂದರು ಅವರು, ನಾನು ನೋಡುತ್ತಿರುವುದನ್ನು ಗಮನಿಸಿ. "ಒಳಗ ಸಳಿ ಹಾಕ್ಯಾರ. ಹಿರಿ ಮಗಳ ಲಗ್ನ ಆದ ವರ್ಷ ಆಪರೇಷನ್ ಆಗ್ಯಾದ. ಬ್ಯಾನಿ ಅವತ್ತೇ ಹೋಯ್ತು, ತಿರುಗಿ ಬಂದಿಲ್ಲ."

ಆ ಹಿರಿಯ ಮಗಳ ಮಗ ಈಗ ಸೇಡಂನಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದಾನೆ. ನಾನು ಬಿ.ಎಸ್ಸಿ. ಓದಿದವನೆಂದು ತಿಳಿದ ಮೇಲೆ, ನಮ್ಮನ್ನು ವಾಹನದವರೆಗೆ ಕಳಿಸಲು ಬಂದವನು ಮೆಲ್ಲಗೆ ಕೇಳಿದ: "ಸರ, ಆಯಿ ಕೈ ಆಪರೇಷನ್ ಮಾಡಿಸಿದ್ದು ಛಲೋ ಆಯ್ತಾ, ಇಲ್ಲಾ ಕೆಟ್ಟಾಯ್ತಾ? ನಮ್ಮವ್ವಗೂ ಈಗ ಹಂಗೇ ಶುರು ಆಗ್ಯಾದ್ರಿ."

ನಾನು ವೈದ್ಯನಲ್ಲ. ಆದರೆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಮುಂದೆ ಅದೇ ವಿಷಯದ ಮೇಲೆ ನಾವು ನಡೆಸಿದ ಮಾತುಕತೆಯ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯೊಳಗೆ ಹೇಳಲಾಗದೆ ಉಳಿದದ್ದು ಬಹಳ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ರೋಗದ ವಿಚಾರ. ಕೀಲು ನೋವುಗಳೆಲ್ಲ ಒಂದೇ ಅಲ್ಲ. ಶಹಾಬಾದ್, ವಾಡಿ, ಚಿತ್ತಾಪುರಗಳ ಕಲ್ಲುಗಣಿಗಳಲ್ಲಿ ಹತ್ತಾರು ವರ್ಷ ಸುತ್ತಿಗೆ ಹಿಡಿದವರ ಮಣಿಕಟ್ಟು ಸವೆದು ನೋಯುವುದುಂಟು. ಅದು ಸವೆತದ ಸಂಧಿವಾತ. ಅಲ್ಲಿ ಕೆಲಸ ಮಾಡಿದಷ್ಟೂ ನೋವು ಹೆಚ್ಚು, ವಿಶ್ರಾಂತಿಯಲ್ಲಿ ಕಡಿಮೆ. ರುಮಟಾಯ್ಡ್ ಸಂಧಿವಾತ ಬೇರೆಯದು. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಕೀಲುಗಳ ಒಳಪೊರೆಯನ್ನು ಶತ್ರುವೆಂದು ಬಗೆದು ದಾಳಿ ಮಾಡುತ್ತದೆ. ಬೆಳಗ್ಗೆ ಎದ್ದಾಗ ಎರಡೂ ಕೈಗಳು ಗಂಟೆಗಟ್ಟಲೆ ಮರಗಟ್ಟಿದಂತೆ ಬಿಗಿದಿರುತ್ತವೆ, ಕೆಲಸಕ್ಕೆ ತೊಡಗಿದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಪೊರೆ ಊದಿ, ದಪ್ಪಗಾಗಿ, ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನತೊಡಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ತಾಯಿಗೋ ಅಕ್ಕನಿಗೋ ಇದ್ದರೆ ಮಗಳಿಗೆ, ತಂಗಿಗೆ ಬರುವ ಸಾಧ್ಯತೆ ಇತರರಿಗಿಂತ ಜಾಸ್ತಿ. ಬಂದೇ ಬರುತ್ತದೆ ಎಂದೇನೂ ಅಲ್ಲ.

1800ರಲ್ಲಿ ಪ್ಯಾರಿಸ್ಸಿನ ಲಾಂದ್ರೆ-ಬೊವೇ ಎಂಬ ಯುವಕ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಒಂಬತ್ತು ಮಂದಿ ಹೆಂಗಸರ ಕೀಲುಗಳನ್ನು ವರ್ಣಿಸಿದ. ಶ್ರೀಮಂತರ ರೋಗವೆನಿಸಿದ್ದ ಗೌಟ್ ಇದಲ್ಲ, ಇದು ಬೇರೆ ಎಂದು ಅವನಿಗೆ ಅನಿಸಿತ್ತು. ಇಂದಿನ ಹೆಸರು ಕೊಟ್ಟದ್ದು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. ನಮ್ಮಲ್ಲಿ ಮಾಧವನಿದಾನವೆಂಬ ಹಳೆಯ ಗ್ರಂಥ ಆಮವಾತವನ್ನು ಪ್ರತ್ಯೇಕ ರೋಗವಾಗಿ ವಿವರಿಸುತ್ತದೆ. ಮಳಖೇಡದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ ಹೇಳಬೇಕು. ಉಗ್ರಾದಿತ್ಯಾಚಾರ್ಯನ 'ಕಲ್ಯಾಣಕಾರಕ' ಎಂಬ ಸಂಸ್ಕೃತ ವೈದ್ಯಗ್ರಂಥದ ಕೊನೆಯಲ್ಲಿ ಮಾಂಸಾಹಾರದ ಹಿತಾಹಿತಗಳ ಚರ್ಚೆಯಿದೆ, ಅದು ನೃಪತುಂಗನ ಸಭೆಯಲ್ಲಿ ನಡೆದದ್ದೆಂದು ಗ್ರಂಥವೇ ಹೇಳುತ್ತದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದಲ್ಲಿಯೇ ವೈದ್ಯರ ವಾದವೂ ನಡೆಯುತ್ತಿತ್ತೆಂದು ತಿಳಿದರೆ ಆ ಕೋಟೆಯ ಮುರುಕು ಗೋಡೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಆದರೆ ಹಳೆಯ ಗ್ರಂಥಗಳ ವಾತರೋಗವನ್ನು ಇಂದಿನ ಈ ರೋಗಕ್ಕೆ ಸಲೀಸಾಗಿ ಸಮೀಕರಿಸುವವರನ್ನು ನಾನು ಒಪ್ಪುವುದಿಲ್ಲ. ಎಕ್ಸ್-ರೇ ಇಲ್ಲದೆ, ರಕ್ತಪರೀಕ್ಷೆ ಇಲ್ಲದೆ ಯಾವ ನೋವು ಯಾವುದೆಂದು ಹೇಳುವುದು ಕಷ್ಟ.

ಎಕ್ಸ್-ರೇ ಎಂದೆ. 1895ರ ಡಿಸೆಂಬರಿನಲ್ಲಿ ರಾಂಟ್ಜೆನ್ ತೆಗೆದ ಆ ಪ್ರಸಿದ್ಧ ಚಿತ್ರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿರಬಹುದು. ಅದು ಅವನ ಹೆಂಡತಿಯ ಕೈ. ಕೈಯನ್ನು ಕೊಯ್ಯದೆ ಒಳಗೆ ನೋಡಲು ಸಾಧ್ಯವಾದದ್ದೇ ಅಂದಿನಿಂದ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಮುಂಗೈಯಿಂದ ಬರುವ ಎರಡು ಉದ್ದ ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯದು ರೇಡಿಯಸ್, ಕಿರುಬೆರಳಿನ ಕಡೆಯದು ಅಲ್ನಾ. ಇಲ್ಲಿ ಒಂದು ಸೂಕ್ಷ್ಮವಿದೆ. ಕೈಯನ್ನು ಮೇಲೆ ಕೆಳಗೆ ಬಾಗಿಸುವುದು ರೇಡಿಯಸ್ ಮತ್ತು ಸಣ್ಣ ಮೂಳೆಗಳ ನಡುವಿನ ಕೀಲು. ಅಂಗೈಯನ್ನು ಬೋರಲು, ಅಂಗಾತ ತಿರುಗಿಸುವುದು ರೇಡಿಯಸ್ ಮತ್ತು ಅಲ್ನಾಗಳ ನಡುವಿನ ಕೀಲು. ಎರಡೂ ಒಂದೇ ಜಾಗದಲ್ಲಿರುವುದರಿಂದ ಒಂದೇ ಎಂದು ತೋರುತ್ತದೆ. ಈ ಭೇದ ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ.

ರುಮಟಾಯ್ಡ್ ರೋಗ ಬಹಳಷ್ಟು ಮಂದಿಯಲ್ಲಿ ಅಲ್ನಾದ ತುದಿಯಲ್ಲಿ ಮೊದಲು ಬೇರೂರುತ್ತದೆ. ಅಲ್ಲಿನ ಕಟ್ಟುಗಳು ಸಡಿಲಗೊಂಡು ಮೂಳೆಯ ತಲೆ ಕೈಯ ಮೇಲ್ಭಾಗದಲ್ಲಿ ಗುಬ್ಬಿಯಂತೆ ಎದ್ದು ನಿಲ್ಲುತ್ತದೆ. ಅದರ ಮೇಲೆಯೇ ಬೆರಳುಗಳನ್ನು ಎತ್ತುವ ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಹಳ್ಳಿಯಲ್ಲಿ ನಾವು 'ನರ' ಎನ್ನುವ ಹುರಿ ಅದು. ಒರಟಾದ ಮೂಳೆಗೆ ತಿಕ್ಕಿ ತಿಕ್ಕಿ, ಬಾವಿಯ ಹಗ್ಗ ಕಲ್ಲಿಗೆ ಸವೆದಂತೆ, ಒಂದು ದಿನ ಹುರಿ ಹರಿಯುತ್ತದೆ. ನಾನು ಹೇಳಿದ ಆ ಹಿರಿಯರ ಎಡಗೈಯ ಕಿರುಬೆರಳು ಮತ್ತು ಉಂಗುರಬೆರಳು ಜೋತುಬಿದ್ದಿವೆ. "ಅರಿವಿ ಹಿಂಡೋ ಹೊತ್ತಿಗೆ ಬಿದ್ದವ್ರಿ. ಬ್ಯಾನಿನೂ ಆಗಲಿಲ್ಲ," ಎಂದರು. ಕೇಳಿದಾಗ ನನಗೆ ರೋಮಾಂಚನವಾಯಿತು. ಏಕೆಂದರೆ ಲಂಡನ್ನಿನ ಶಸ್ತ್ರವೈದ್ಯ ವಾನ್-ಜ್ಯಾಕ್ಸನ್ ಈ ಹರಿಯುವಿಕೆಯನ್ನು ಇಬ್ಬರು ರೋಗಿಗಳ ವಿವರದೊಡನೆ ಪ್ರಕಟಿಸಿದ್ದು 1948ರಲ್ಲಿ. ಕಿರುಬೆರಳಿನಿಂದ ಆರಂಭವಾಗಿ ಒಂದೊಂದಾಗಿ ಬೆರಳುಗಳು ಬೀಳುವ ಈ ಕ್ರಮಕ್ಕೆ ಇಂದಿಗೂ ಅವನದೇ ಹೆಸರು.

ಅಲ್ನಾದ ತುದಿಯನ್ನು ಕತ್ತರಿಸಿ ತೆಗೆಯುವ ಶಸ್ತ್ರಕ್ರಿಯೆ ಅದಕ್ಕಿಂತ ಹಳೆಯದು. ನ್ಯೂಯಾರ್ಕಿನ ವಿಲಿಯಂ ಡರಾ 1910ರ ದಶಕದ ಆರಂಭದಲ್ಲಿ ಪೆಟ್ಟುಬಿದ್ದ ಕೈಗಳಿಗಾಗಿ ಅದನ್ನು ಬಳಕೆಗೆ ತಂದ. ರುಮಟಾಯ್ಡ್ ರೋಗಿಗಳಿಗೆ ಅದು ಬಂದದ್ದು ತಡವಾಗಿ. ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ ಮತ್ತು ಸಂಗಡಿಗರು 1943ರಲ್ಲಿ ಅದರ ಉಪಯೋಗವನ್ನು ಬರೆದರು. 1936ರಲ್ಲಿ ಫ್ರಾನ್ಸಿನ ಸೊವೆ ಮತ್ತು ಕಪಾಂಜಿ ಇನ್ನೊಂದು ದಾರಿ ತೋರಿಸಿದರು. ಅಲ್ನಾದ ತಲೆಯನ್ನು ಎಸೆಯದೆ ರೇಡಿಯಸ್ಸಿಗೆ ಬೆಸೆದುಬಿಡುವುದು, ಅದರ ಹಿಂದೆ ಮೂಳೆಯಲ್ಲಿ ಒಂದು ಕಂಡಿ ಕತ್ತರಿಸಿ ತಿರುಗುವ ಚಲನೆಯನ್ನು ಅಲ್ಲಿಂದ ಪಡೆಯುವುದು. ಬಾಗಿಲಿನ ಹಳೆಯ ತಿರುಗಣಿಯನ್ನು ಮುಚ್ಚಿ ಸ್ವಲ್ಪ ಕೆಳಗೆ ಹೊಸದನ್ನು ಕೂರಿಸಿದ ಹಾಗೆ.

1948ನೆಯ ಇಸವಿಯ ಮೇಲೆ ಸ್ವಲ್ಪ ನಿಲ್ಲೋಣ. ನಮ್ಮ ಭಾಗದವರಿಗೆ ಆ ವರ್ಷವೆಂದರೆ ಪೊಲೀಸ್ ಕಾರ್ಯಾಚರಣೆ. ಸೆಪ್ಟೆಂಬರ್ 17ರಂದು ನಿಜಾಮ ಶರಣಾದ. ಸೇಡಂ, ಚಿತ್ತಾಪುರ, ಚಿಂಚೋಳಿಗಳು ಭಾರತದ ಒಕ್ಕೂಟಕ್ಕೆ ಸೇರಿದವು. ಸರಿಯಾಗಿ ನಾಲ್ಕು ದಿನಗಳ ನಂತರ, ಸೆಪ್ಟೆಂಬರ್ 21ರಂದು, ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ ರುಮಟಾಯ್ಡ್ ರೋಗದಿಂದ ಹಾಸಿಗೆ ಹಿಡಿದಿದ್ದ ಯುವತಿಯೊಬ್ಬಳಿಗೆ ಮೊದಲ ಬಾರಿಗೆ ಒಂದು ಹೊಸ ವಸ್ತುವನ್ನು ಚುಚ್ಚಿದ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಆ ವಸ್ತು ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ಬಂತು. ರೋಗ ಗೆದ್ದೆವೆಂದು ಜಗತ್ತು ಕುಣಿಯಿತು. ಕುಣಿತ ಬಹುಕಾಲ ನಿಲ್ಲಲಿಲ್ಲ. ಔಷಧ ನಿಲ್ಲಿಸಿದೊಡನೆ ನೋವು ಮರಳುತ್ತಿತ್ತು. ಬಹಳ ದಿನ ಕೊಟ್ಟರೆ ಮೂಳೆ ಟೊಳ್ಳಾಗುತ್ತಿತ್ತು, ಮುಖ ಊದುತ್ತಿತ್ತು, ಸಕ್ಕರೆ ರೋಗ ತಲೆದೋರುತ್ತಿತ್ತು. ಹಳ್ಳಿಗಳಲ್ಲಿ ಇಂದಿಗೂ 'ಒಂದು ಸೂಜಿ ಮಾಡಿಸ್ಕೊಂಡ್ರ ಎರಡು ತಿಂಗಳು ಆರಾಮ' ಎಂಬ ಮಾತಿದೆ. ಆ ಸೂಜಿ ಬಹುಮಟ್ಟಿಗೆ ಇದರ ವಂಶದ್ದೇ. ಅಜ್ಜಿಯೂ ಹಾಗೆ ಆರು ವರ್ಷ ಕಳೆದಿದ್ದರಂತೆ. ಅಷ್ಟರಲ್ಲಿ ಮಣಿಕಟ್ಟು ಹೋಗಿತ್ತು.

ಅದೇ 1948ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬ ತೆಲುಗು ವಿಜ್ಞಾನಿ ತೀರಿಕೊಂಡರು. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ತಂಡ ಅಮಿನಾಪ್ಟರಿನ್ ಎಂಬ ರಾಸಾಯನಿಕವನ್ನು ತಯಾರಿಸಿತ್ತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಸಿಡ್ನಿ ಫಾರ್ಬರ್ ಅದನ್ನು ಬಳಸಿದ ವರದಿ ಬಂದದ್ದೂ ಅದೇ ವರ್ಷ. ಅದರ ಸಮೀಪದ ಬಂಧು ಮೆಥೊಟ್ರೆಕ್ಸೇಟ್. ಸುಬ್ಬರಾಯರಿಗೆ ಮಣಿಕಟ್ಟಿನ ಕಲ್ಪನೆಯೇ ಇರಲಿಲ್ಲ. ಆದರೆ ಈ ಕಥೆಯ ಕೊನೆಗೆ ನಾವು ಅವರ ಬಳಿಗೇ ಬರಬೇಕಾಗುತ್ತದೆ.

ಔಷಧಗಳು ನಿರಾಶೆಗೊಳಿಸಿದ ಆ ದಶಕಗಳೇ ಶಸ್ತ್ರಚಿಕಿತ್ಸೆಯ ವೈಭವದ ಕಾಲ. ಫಿನ್ಲೆಂಡಿನ ಹೈನೋಲ ಎಂಬ ಸಣ್ಣ ಊರಿನಲ್ಲಿ 1951ರಲ್ಲಿ ಸಂಧಿವಾತಕ್ಕಾಗಿಯೇ ಆಸ್ಪತ್ರೆಯೊಂದು ತೆರೆಯಿತು. ಅಲ್ಲಿ ಕೌಕೊ ವೈನಿಯೊ ಎಂಬ ಶಸ್ತ್ರವೈದ್ಯ, ಔಷಧ ಕೊಡುವ ವೈದ್ಯರೊಡನೆ ಒಂದೇ ಸೂರಿನಡಿ ಕೆಲಸ ಮಾಡಿ ಹೊಸ ಶಾಖೆಯನ್ನೇ ಬೆಳೆಸಿದ. ಊದಿದ ಪೊರೆಯನ್ನು ಹೆರೆದು ತೆಗೆದರೆ ರೋಗ ನಿಲ್ಲುತ್ತದೆಂಬ ದೊಡ್ಡ ಆಸೆ ಆಗಿನದು. ಪೊರೆ ತೆಗೆದಾಗ ಊತ ಇಳಿಯುತ್ತಿತ್ತು, ನೋವು ಕಡಿಮೆಯಾಗುತ್ತಿತ್ತು, ಹುರಿಗಳು ಉಳಿಯುತ್ತಿದ್ದವು. ಆದರೆ ವರ್ಷಗಳ ನಂತರದ ಎಕ್ಸ್-ರೇಗಳಲ್ಲಿ ಮೂಳೆಯ ಕ್ಷಯ ಮುಂದುವರಿದದ್ದು ಕಂಡಿತು.

ಕೀಲನ್ನೇ ಬೆಸೆಯುವುದು ಇನ್ನೊಂದು ದಾರಿ. ಅಮೆರಿಕದ ಕ್ಲೇಟನ್ 1965ರಲ್ಲಿ, ಸ್ವೀಡನ್ನಿನ ಮನ್ನರ್‌ಫೆಲ್ಟ್ ಮತ್ತು ಮಾಲ್ಮ್‌ಸ್ಟೆನ್ 1971ರಲ್ಲಿ ಬರೆದ ಪದ್ಧತಿಗಳು ಸರಳವಾದವು. ಹಾಳಾದ ಮೃದ್ವಸ್ಥಿ ತೆಗೆದು, ಅಂಗೈಯ ಮೂಳೆಯಿಂದ ರೇಡಿಯಸ್ಸಿನ ಒಳಗೆ ಉಕ್ಕಿನ ಸಳಿ ತೂರಿಸಿ, ಮೂಳೆಗಳು ಒಂದಾಗಿ ಕೂಡಿಕೊಳ್ಳಲು ಬಿಡುವುದು. ಕೀಲು ಹೋಯಿತು, ಅದರೊಡನೆ ನೋವೂ ಹೋಯಿತು. ಅಜ್ಜಿಯ ಕೈಯಲ್ಲಿರುವ ಸಳಿ ಈ ಪರಂಪರೆಯದು. ಜೊತೆಗೆ ಅಲ್ನಾದ ತುದಿಯನ್ನೂ ತೆಗೆದಿದ್ದಾರೆ. ಆದ್ದರಿಂದ ಅವರ ಮಣಿಕಟ್ಟು ಬಾಗುವುದಿಲ್ಲ, ಆದರೆ ಅಂಗೈ ಚೆನ್ನಾಗಿ ತಿರುಗುತ್ತದೆ. ಹಂಚಿನ ಮೇಲಿನ ರೊಟ್ಟಿಯನ್ನು ಮಗುಚುತ್ತಾರೆ, ತಂಬಿಗೆಯಿಂದ ನೀರು ಸುರಿಯುತ್ತಾರೆ.

ಬೆಸೆಯುವುದು ಬೇಡ, ಹೊಸ ಕೀಲನ್ನೇ ಹಾಕೋಣ ಎಂಬ ಹಂಬಲ ಬಹಳ ಹಿಂದಿನದು. ಬರ್ಲಿನ್ನಿನ ಗ್ಲುಕ್ 1890ರಲ್ಲಿಯೇ ಕ್ಷಯ ತಗುಲಿದ ಮಣಿಕಟ್ಟಿಗೆ ಆನೆದಂತದ ಕೀಲು ಕೂರಿಸಿದ್ದ. 1967ರಲ್ಲಿ ಅಮೆರಿಕದ ಆಲ್ಫ್ರೆಡ್ ಸ್ವಾನ್ಸನ್ ರಬ್ಬರಿನಂತೆ ಬಾಗುವ ಸಿಲಿಕೋನ್ ತುಂಡನ್ನು ತಂದ. ಮೊದಲ ಕೆಲವು ವರ್ಷಗಳ ವರದಿಗಳು ಹರ್ಷದಾಯಕವಾಗಿದ್ದವು. ನೋವಿಲ್ಲ, ಚಲನೆಯಿದೆ. ಐದು, ಹತ್ತು ವರ್ಷ ಕಳೆದ ಮೇಲೆ ನೋಡಿದವರಿಗೆ ಬೇರೆ ಚಿತ್ರ ಸಿಕ್ಕಿತು. ತುಂಡುಗಳು ಮುರಿದಿದ್ದವು, ಮೂಳೆಯೊಳಗೆ ಇಳಿದಿದ್ದವು, ಕೆಲವರಲ್ಲಿ ಸವೆದ ಸಿಲಿಕೋನ್ ಪುಡಿಗೆ ಸುತ್ತಲ ಮೂಳೆ ಕೆರಳಿತ್ತು. 1970ರ ದಶಕದಲ್ಲಿ ಮ್ಯೂಲಿ, ವೋಲ್ಜ್ ಮೊದಲಾದವರ ಲೋಹದ ಕೀಲುಗಳು ಬಂದವು. ಅವು ಸಡಿಲಗೊಂಡು ತೊಂದರೆ ಕೊಟ್ಟವು. ಮುಂದಿನ ತಲೆಮಾರಿನವು ಉತ್ತಮ. ಆದರೂ ಸೊಂಟದ ಕೀಲಿನಷ್ಟು ಭರವಸೆ ಮಣಿಕಟ್ಟಿನ ಕೀಲು ಗಳಿಸಿಲ್ಲ.

ಇಷ್ಟು ವರ್ಷ ಕಳೆದ ಮೇಲೆ ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ ಎಂದು ಹೇಳುವುದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಲಕ್ಷ್ಯ ಕೊಡಬೇಕು. ನೂರು ಮಂದಿಗೆ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆ ಹತ್ತು ವರ್ಷದ ನಂತರ ಕರೆದಾಗ ಐವತ್ತು ಮಂದಿ ಮಾತ್ರ ಬಂದರೆನ್ನಿ. ಆ ಐವತ್ತರಲ್ಲಿ ನಲವತ್ತೈದು ಮಂದಿ ಸುಖವಾಗಿದ್ದರೆ ಫಲಿತಾಂಶ ನೂರಕ್ಕೆ ತೊಂಬತ್ತೇ? ಬಾರದವರಲ್ಲಿ ಕೆಲವರು ತೀರಿಕೊಂಡಿರಬಹುದು, ಕೆಲವರು ಸಿಟ್ಟಿನಿಂದ ಬೇರೆ ಆಸ್ಪತ್ರೆಗೆ ಹೋಗಿರಬಹುದು, ಕೆಲವರಿಗೆ ರೈಲಿನ ಖರ್ಚಿಗೆ ಹಣವಿಲ್ಲದೆ ಇರಬಹುದು. 1958ರಲ್ಲಿ ಕ್ಯಾಪ್ಲನ್ ಮತ್ತು ಮಯರ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಹೀಗೆ ನಡುದಾರಿಯಲ್ಲಿ ಕಾಣೆಯಾಗುವವರನ್ನೂ ಅವರು ಕಾಣಿಸಿದಷ್ಟು ಕಾಲದ ಮಟ್ಟಿಗೆ ಲೆಕ್ಕದಲ್ಲಿಡುವ ವಿಧಾನ ಕಂಡುಹಿಡಿದರು. ಅಂಥ ಲೆಕ್ಕದಿಂದಲೇ ಕೃತಕ ಕೀಲಿನ 'ಆಯುಷ್ಯ' ಹೇಳುತ್ತಾರೆ. ನಾರ್ವೆ ದೇಶದಲ್ಲಿ ಹಾಕಿದ ಪ್ರತಿ ಕೃತಕ ಕೀಲೂ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. 2011ರಲ್ಲಿ ಅಲ್ಲಿಂದ 189 ಮಣಿಕಟ್ಟಿನ ಕೀಲುಗಳ ವರದಿ ಬಂತು. ಐದು ವರ್ಷಕ್ಕೆ ನೂರಕ್ಕೆ 78, ಹತ್ತು ವರ್ಷಕ್ಕೆ ನೂರಕ್ಕೆ 71 ಉಳಿದಿದ್ದವು. ರುಮಟಾಯ್ಡ್ ಅಲ್ಲದ ರೋಗಿಗಳೂ ಅದರಲ್ಲಿ ಸೇರಿದ್ದರು. ಆದರೆ ಈ ಲೆಕ್ಕದಲ್ಲಿ 'ಉಳಿಯಿತು' ಎಂದರೆ ತೆಗೆದುಹಾಕಬೇಕಾಗಿ ಬರಲಿಲ್ಲ ಎಂದಷ್ಟೇ ಅರ್ಥ. ನೋವಿರಲಿಲ್ಲ ಎಂದಲ್ಲ.

ಬೆಸೆಯುವುದು ಮೇಲೋ, ಕೃತಕ ಕೀಲು ಮೇಲೋ ಎಂಬ ಜಗಳಕ್ಕೆ 2008ರಲ್ಲಿ ಅಮೆರಿಕದ ಕವಾಲಿಯರ್ ಮತ್ತು ಚಂಗ್ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ನೋವು ಹೋಗುವ ವಿಷಯದಲ್ಲಿ ಬೆಸೆದ ಮಣಿಕಟ್ಟು ಹೆಚ್ಚು ನಂಬಲರ್ಹವಾಗಿತ್ತು. ಕೃತಕ ಕೀಲಿನ ಹೆಗ್ಗಳಿಕೆಯೇ ಚಲನೆ. ಆದರೆ ಅದನ್ನು ಅಳೆದಿದ್ದ ಬಹುಪಾಲು ಅಧ್ಯಯನಗಳಲ್ಲಿ ಸರಾಸರಿ ಚಲನೆ ದಿನನಿತ್ಯದ ಕೆಲಸಕ್ಕೆ ಬೇಕಾದಷ್ಟೂ ಇರಲಿಲ್ಲ. ದಿನನಿತ್ಯದ ಕೆಲಸಕ್ಕೆ ಎಷ್ಟು ಬೇಕು? 1985ರಲ್ಲಿ ಪಾಮರ್ ಮತ್ತು ಸಂಗಡಿಗರು ಅಳೆದು, ಅಂಗೈ ಕಡೆಗೆ 5 ಡಿಗ್ರಿ, ಹಿಂದಕ್ಕೆ 30 ಡಿಗ್ರಿ ಸಾಕು ಎಂದರು. 1991ರಲ್ಲಿ ಮೇಯೊ ಕ್ಲಿನಿಕ್ಕಿನ ಅಧ್ಯಯನ ಎರಡೂ ಕಡೆಗೆ 40 ಡಿಗ್ರಿ ಬೇಕು ಎಂದಿತು. ಇಬ್ಬರೂ ಅಳೆದದ್ದು ತಮ್ಮ ದೇಶದ ದಿನನಿತ್ಯದ ಕೆಲಸಗಳನ್ನು.

ಈ ಅಳತೆಗಳ ಬಗ್ಗೆ ನನ್ನ ತಕರಾರು ಅಲ್ಲಿಯೇ. ಕೈಯ ಶಸ್ತ್ರಚಿಕಿತ್ಸೆಯ ಫಲ ತಿಳಿಯಲು 1996ರಿಂದ 'ಡ್ಯಾಶ್' ಎಂಬ 30 ಪ್ರಶ್ನೆಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬಿಗಿಯಾದ ಡಬ್ಬಿ ಮುಚ್ಚಳ ತೆಗೆಯಬಲ್ಲಿರಾ, ಬೀಗದ ಕೈ ತಿರುಗಿಸಬಲ್ಲಿರಾ, ಚಾಕುವಿನಿಂದ ಊಟದ ಪದಾರ್ಥ ಕತ್ತರಿಸಬಲ್ಲಿರಾ ಎಂದು ಅದು ಕೇಳುತ್ತದೆ. ಸೇಡಂನಲ್ಲಿ ರೊಟ್ಟಿಯನ್ನು ಚಾಕುವಿನಿಂದ ಕತ್ತರಿಸಿದವರನ್ನು ನಾನಂತೂ ಕಂಡಿಲ್ಲ. ನೆಲಕ್ಕೆ ಕೈಯೂರಿ ಏಳುವುದು, ಕೊಡ ಎತ್ತುವುದು, ಸೀರೆಯ ನೆರಿಗೆ ಸಿಕ್ಕಿಸುವುದು, ತೊಗರಿ ಕೊಯ್ಯುವಾಗ ಕುಡಗೋಲು ಹಿಡಿಯುವುದು ಅದರಲ್ಲಿಲ್ಲ. ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ನಮ್ಮಲ್ಲಿ ಶೌಚಕ್ಕೆ ನೀರು, ಎಡಗೈ. ಅದಕ್ಕೆ ಮಣಿಕಟ್ಟು ಒಳಕ್ಕೆ ಬಾಗಬೇಕು. ಆದ್ದರಿಂದಲೇ ಎರಡೂ ಮಣಿಕಟ್ಟು ಕೆಟ್ಟವರಲ್ಲಿ ಎರಡನ್ನೂ ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ಬೆಸೆಯಬಾರದು, ಒಂದನ್ನು ನೇರವಾಗಿ ಅಥವಾ ತುಸು ಒಳಕ್ಕೆ ಇಡಬೇಕು, ಸಾಧ್ಯವಾದರೆ ಒಂದರಲ್ಲಿ ಚಲನೆ ಉಳಿಸಬೇಕು ಎಂದು ಶಸ್ತ್ರವೈದ್ಯರು ಬಹಳ ಹಿಂದೆಯೇ ಕಂಡುಕೊಂಡರು. ನಾಚಿಕೆಯಿಂದ ರೋಗಿ ಇದನ್ನು ಹೇಳುವುದಿಲ್ಲ, ಅವಸರದಲ್ಲಿ ವೈದ್ಯರು ಕೇಳುವುದಿಲ್ಲ.

ಕೇಳಿದ ಒಬ್ಬ ವೈದ್ಯನ ಹೆಸರು ಇಲ್ಲಿ ಬರಬೇಕು. ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಈತ 1946ರಲ್ಲಿ ವೆಲ್ಲೂರಿಗೆ ಬಂದು, ಕುಷ್ಠರೋಗಿಗಳ ಮುದುಡಿದ ಬೆರಳುಗಳನ್ನು ಹುರಿಗಳ ಸ್ಥಳಾಂತರದಿಂದ ತೆರೆಸಿದ. ಕೈ ಸರಿಪಡಿಸಿದರೆ ಸಾಲದು, ಊರಿಗೆ ಹೋದ ಮೇಲೆ ಆ ಕೈ ಏನು ಮಾಡುತ್ತದೆ ಎಂದು ನೋಡಬೇಕೆಂಬುದು ಅವನ ಹಟ. ಬಡಗಿಯ ಉಳಿ, ರೈತನ ಗುದ್ದಲಿ ಹಿಡಿಯಲು ರೋಗಿಗಳಿಗೆ ಅಲ್ಲಿಯೇ ತರಬೇತಿ ಕೊಡಿಸಿದ. ಅವನದು ಬೇರೆ ರೋಗ ನಿಜ. ಆದರೆ ಭಾರತದ ಕೈಗಳ ಬಗ್ಗೆ ಜಗತ್ತಿನ ವೈದ್ಯರಿಗೆ ಪಾಠ ಹೇಳಿದ್ದು ಅವನೇ.

ವೆಲ್ಲೂರು ನಮಗೆ ದೂರ. ನಮ್ಮ ಭಾಗದ ರೋಗಿಗಳ ಇತಿಹಾಸವೆಂದರೆ ಬಹುಪಾಲು ರೈಲಿನ ಇತಿಹಾಸ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಶುರುವಾದಂದಿನಿಂದ ಚಿತ್ತಾಪುರ, ಸೇಡಂನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದು. ಉಸ್ಮಾನಿಯಾ ಆಸ್ಪತ್ರೆ, ಆಮೇಲೆ 1960ರ ದಶಕದಲ್ಲಿ ಪಂಜಾಗುಟ್ಟದಲ್ಲಿ ತೆರೆದ ನಿಜಾಮ್ ಮೂಳೆ ಆಸ್ಪತ್ರೆ, ಇಂದಿನ ನಿಮ್ಸ್. ಶಹಾಬಾದ್, ವಾಡಿಯ ಕಾರ್ಮಿಕರಿಗೆ ಇನ್ನೊಂದು ದಿಕ್ಕಿನಲ್ಲಿ ಸೊಲ್ಲಾಪುರ, ಮಿರಜ್. ರೈಲಿಲ್ಲದ ಚಿಂಚೋಳಿಯವರು ಬಸ್ಸಿನಲ್ಲಿ ಹೋಗಬೇಕು. ಕಲಬುರಗಿಯಲ್ಲಿಯೇ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದದ್ದು 1963ರಲ್ಲಿ. ಕೈ ಬಿಗಿದ ಹೆಂಗಸು ಒಬ್ಬಳೇ ಹೋಗಲಾರಳು. ಗಂಡ ಅಥವಾ ಮಗ ಕೂಲಿ ಬಿಟ್ಟು ಜೊತೆಗೆ ಹೋಗಬೇಕು. ಶಸ್ತ್ರಕ್ರಿಯೆಗೆ ಹೇಗೋ ಹೋಗುತ್ತಾರೆ. ಒಂದು ವರ್ಷದ ನಂತರ, ನೋವೇ ಇಲ್ಲದಾಗ, ಬರೀ ತೋರಿಸಿ ಬರಲು ಯಾರು ಹೋಗುತ್ತಾರೆ? ಅಜ್ಜಿ ಎರಡು ಸಲ ಹೋಗಿ ನಿಲ್ಲಿಸಿದರು. ಅವರ ಕೈ ಇಪ್ಪತ್ತು ವರ್ಷ ಚೆನ್ನಾಗಿ ಉಳಿಯಿತೆಂಬುದು ಆ ಆಸ್ಪತ್ರೆಗೆ ಗೊತ್ತೇ ಇಲ್ಲ. ಕೆಟ್ಟಿದ್ದರೂ ಗೊತ್ತಾಗುತ್ತಿರಲಿಲ್ಲ.

ಈ ರೋಗ ಎಷ್ಟು ಮಂದಿಗಿದೆ? ಇದಕ್ಕೆ ಉತ್ತರ ಕೂಡಾ ನಮ್ಮದೇ ರೈಲು ಹಳಿಯ ಮೇಲಿದೆ. ವಾಡಿಯಿಂದ ಮುಂಬಯಿ ಕಡೆಗೆ ಹೋಗುವಾಗ ಸೊಲ್ಲಾಪುರ ದಾಟಿದ ಮೇಲೆ ಭಿಗವಣ ಎಂಬ ಊರು ಸಿಗುತ್ತದೆ. ಪುಣೆಯ ವೈದ್ಯ ಅರವಿಂದ ಚೋಪ್ರಾ ಅವರ ತಂಡ 1996ರಲ್ಲಿ ಅಲ್ಲಿ ಮನೆಮನೆಗೆ ಹೋಗಿ ಕೀಲುನೋವಿನ ಸಮೀಕ್ಷೆ ಆರಂಭಿಸಿತು. ವಯಸ್ಕರಲ್ಲಿ ಸುಮಾರು ಇನ್ನೂರಕ್ಕೆ ಒಬ್ಬರಿಗೆ ರುಮಟಾಯ್ಡ್ ರೋಗ ಕಂಡಿತು. ದೆಹಲಿಯ ಬಳಿಯ ಬಲ್ಲಭಗಢದ ಗ್ರಾಮೀಣ ಸಮೀಕ್ಷೆ 1993ರಲ್ಲಿ ಹೇಳಿದ್ದು ನೂರಕ್ಕೆ 0.75. ಹತ್ತು ಸಾವಿರ ವಯಸ್ಕರಿರುವ ಊರಿನಲ್ಲಿ ಐವತ್ತರಿಂದ ಎಪ್ಪತ್ತೈದು ಮಂದಿ ಎಂದಾಯಿತು. ನಿಮ್ಮ ಓಣಿಯಲ್ಲಿಯೂ ಒಬ್ಬರಿರಬಹುದು.

ಈಗ ಸುಬ್ಬರಾಯರ ಬಳಿಗೆ ಬರೋಣ. 1951ರಲ್ಲಿ ಗಬ್ನರ್ ಮತ್ತು ಸಂಗಡಿಗರು ಅಮಿನಾಪ್ಟರಿನ್ನನ್ನು ರುಮಟಾಯ್ಡ್ ರೋಗಿಗಳಿಗೆ ಕೊಟ್ಟು ಗುಣ ಕಂಡಿದ್ದರು. ಕಾರ್ಟಿಸೋನಿನ ಗದ್ದಲದಲ್ಲಿ ಯಾರೂ ಅದನ್ನು ಕೇಳಲಿಲ್ಲ. ಮೂವತ್ತು ವರ್ಷಗಳ ನಂತರ, 1980ರ ದಶಕದಲ್ಲಿ, ಮೆಥೊಟ್ರೆಕ್ಸೇಟನ್ನು ಕ್ಯಾನ್ಸರಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ವಾರಕ್ಕೆ ಒಂದೇ ದಿನ ಕೊಟ್ಟು ಪರೀಕ್ಷಿಸಿದರು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. 1998ರಿಂದಾಚೆಗೆ ದುಬಾರಿಯಾದ ಜೈವಿಕ ಔಷಧಗಳೂ ಬಂದವು. ಪರಿಣಾಮವೇನೆಂದರೆ ಸ್ವೀಡನ್, ಫಿನ್ಲೆಂಡ್, ಜಪಾನುಗಳಲ್ಲಿ ರುಮಟಾಯ್ಡ್ ಕೈಗಳ ಶಸ್ತ್ರಕ್ರಿಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಹೈನೋಲದ ಆ ಹೆಸರಾಂತ ಆಸ್ಪತ್ರೆಯೂ 2010ರಲ್ಲಿ ಮುಚ್ಚಿತು. ಮಣಿಕಟ್ಟಿನ ಶಸ್ತ್ರಚಿಕಿತ್ಸೆಯ ಅತ್ಯುತ್ತಮ ದೀರ್ಘಾವಧಿ ಫಲಿತಾಂಶ ಅದು ಬೇಕಾಗದೇ ಹೋದದ್ದು ಎಂದು ನಮ್ಮ ಕಾರ್ಯಕ್ರಮಕ್ಕೆ ಬಂದಿದ್ದ ವೈದ್ಯರೊಬ್ಬರು ನಕ್ಕರು.

ಆದರೆ ಅದಕ್ಕೆ ಷರತ್ತುಗಳಿವೆ. ಔಷಧ ಮೂಳೆ ಕ್ಷಯಿಸುವ ಮೊದಲು, ರೋಗ ಶುರುವಾದ ತಿಂಗಳುಗಳಲ್ಲಿಯೇ ಆರಂಭವಾಗಬೇಕು. ಆಗಾಗ ರಕ್ತ ಪರೀಕ್ಷಿಸಬೇಕು. ಬಸುರಿಯರಿಗೆ ಅದು ಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಅದು ವಾರದ ಗುಳಿಗೆ. ದಿನದ ಗುಳಿಗೆಯೆಂದು ತಪ್ಪು ತಿಳಿದು ದಿನವೂ ನುಂಗಿದವರು ಸತ್ತದ್ದುಂಟು. ಮಾತ್ರೆಯ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ಮನೆಯಲ್ಲಿ ಅದನ್ನು ಓದುವವರು ಬಹಳ ಸಲ ಕಾಲೇಜಿಗೆ ಹೋಗುವ ನೀವೇ.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರ? ಕಾರ್ಯಕ್ರಮ ಪ್ರಸಾರವಾದ ಮೇಲೆ ಇನ್ನೊಮ್ಮೆ ಆ ಊರಿಗೆ ಹೋಗಿದ್ದೆ. ಆಯಿಯ ಆಪರೇಷನ್ ಛಲೋ ಆಯಿತು ಎಂದೇ ಹೇಳಿದೆ. ಆರು ವರ್ಷ ತಡವಾಗಿತ್ತು, ಎಡಗೈಯ ಹುರಿಗಳು ಹರಿದಾಗ ಯಾರೂ ನೋಡಲಿಲ್ಲ, ಅದೂ ನಿಜ. ಬೆಸೆದ ಬಲಗೈ ಮಾತ್ರ ತನ್ನ ಮಾತು ಉಳಿಸಿಕೊಂಡಿದೆ. ಅದರಲ್ಲಿ ಅರ್ಧ ಪಾಲು ಶಸ್ತ್ರವೈದ್ಯನದು. ಇನ್ನರ್ಧ ಆ ಕಟ್ಟೆಯದು. ನೆಲದ ಮೇಲೆ ಕುಳಿತು ಬಡಿಯುವಾಗ ಮುಂಗೈ ಮೇಲಿನಿಂದ ಓರೆಯಾಗಿ ಇಳಿಯುತ್ತದೆ, ಅಂಗೈ ಚಪ್ಪಟೆಯಾಗಿ ಬೀಳಬೇಕಾದರೆ ಮಣಿಕಟ್ಟು ಹಿಂದಕ್ಕೆ ಬಾಗಲೇಬೇಕು. ಹಲಗೆ ಮೊಣಕೈಯ ಮಟ್ಟಕ್ಕೆ ಏರಿದರೆ ಮುಂಗೈ ಹಲಗೆಗೆ ಸಮಾನಾಂತರವಾಗುತ್ತದೆ, ಬಾಗುವ ಅಗತ್ಯವೇ ಇಲ್ಲ. ಕಟ್ಟೆ ಕಟ್ಟಿದವರು ಹುಡುಗನ ತಾತ, ಶಹಾಬಾದಿನಲ್ಲಿ ಪರಸಿ ಹೊಡೆಯುತ್ತಿದ್ದವರು. ಹೆಂಡತಿಯನ್ನು ನಿಲ್ಲಿಸಿ, ಮೊಣಕೈಗೆ ದಾರ ಹಿಡಿದು ಎತ್ತರ ಗುರುತು ಮಾಡಿಕೊಂಡಿದ್ದರಂತೆ.

ತಾಯಿಗೆ ಕಲಬುರಗಿಯಲ್ಲಿ ವಾರದ ಗುಳಿಗೆ ಶುರುವಾಗಿತ್ತು. ಬೆಳಗಿನ ಬಿಗಿತ ಇಳಿದಿದೆ ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೆ ಹುಡುಗ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದ. ಹೊರಡುವ ಮುನ್ನ ನಾವಿಬ್ಬರೂ ಸೇರಿ ಟೇಪು ಹಿಡಿದು ಕಟ್ಟೆಯನ್ನು ಅಳೆದೆವು. ಮೂರು ಅಡಿ, ಒಂದು ಅಂಗುಲ.